ಅವ್ವನ ನಿಗಾ

ಏಳನೇ ತರಗತಿಗೇ ಶಾಲೆಗೆ ಕೈಮುಗಿದು ತೆಂಗಿನ ತೋಟಕ್ಕೆ ಇಳಿದವನು ನಾನು. ಪದಗಳ ಹುಟ್ಟೂರು ವಿಚಾರಿಸಿ ಬಳಸುವ ಅಭ್ಯಾಸ ನನಗಿಲ್ಲ. ಕೆಲಸಕ್ಕೆ ಬಂದವನ ಊರು ಕೇಳದೆ ಕುಡುಗೋಲು ಕೊಡುವವನು ಪದದ ಊರು ಕೇಳುತ್ತೇನೆಯೇ?

ನನ್ನ ಬಾಮೈದ ಕೇಳುತ್ತಾನೆ. ಮಾಯಸಂದ್ರದ ಕಡೆ ಕನ್ನಡ ಮೇಷ್ಟ್ರು. ಕಳೆದ ಭಾನುವಾರ ಬಂದವನು, ಮಾತಿನ ನಡುವೆ ನನ್ನ ಬಾಯಲ್ಲಿ ಬಂದ ‘ನಿಗಾ’ ಎಂಬುದು ಪಾರಸಿ ಪದ, ಅಲ್ಲಿ ಅದಕ್ಕೆ ನೋಟ ಎಂದರ್ಥ, ಉರ್ದುವಿನ ಕೈಹಿಡಿದು ನಮ್ಮಲ್ಲಿಗೆ ಬಂತು ಎಂದ. ಸಂತೋಷ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಕಾಫಿ ಕುಡಿದು ನಗುನಗುತ್ತಾ ಹೋಗಬಹುದಿತ್ತು. ಆದರೆ ಪಾಠ ಹೊರಟಿದ್ದು ನಮ್ಮ ಅವ್ವನ ಕಡೆಗೆ.

ನಮ್ಮಲ್ಲಿ ಕಾಯಿಯನ್ನು ವರ್ಷದ ಹತ್ತಿರ ಅಟ್ಟದಲ್ಲೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯಾಗಬೇಕು. ಮಳೆಗಾಲದ ತೇವಕ್ಕೆ ಅಟ್ಟದ ಕೆಳಗೆ ಸಣ್ಣಗೆ ಮಟ್ಟೆಯ ಹೊಗೆ ಹಾಕುತ್ತೇವೆ. ಹೊಗೆ ಹೋಗಿ ಬೆಂಕಿಯಾದರೆ ವರ್ಷದ ಬೆಳೆ ಬೂದಿ. ಆ ಹೊಗೆಯ ಯಜಮಾನಿಕೆ ಮೊದಲಿನಿಂದಲೂ ಅವ್ವನದು. ಈಗ ಅವಳ ಎರಡೂ ಕಣ್ಣು ಹೋಗಿವೆ. ಎದುರು ನಿಂತವರನ್ನು ದನಿಯಿಂದ ಗುರುತಿಸುತ್ತಾಳೆ.

“ಭಾವ, ನಿಗಾ ಅಂದ್ರೇನೇ ನೋಟ. ಕಣ್ಣು ಕಾಣ್ದೋರ ಕೈಗೆ ಬೆಂಕಿ ಕೊಟ್ಟಿದ್ದೀರಲ್ಲ! ಬಿಡಿಸಿ ಮೊದ್ಲು” ಎಂದ ಬಾಮೈದ.

ಅವ್ವ ಹೊಗೆಯ ಪಕ್ಕದಿಂದಲೇ, “ಅಲ್ಲ ಮೇಷ್ಟ್ರೇ, ಕಣ್ಣಿರೋರೆಲ್ಲ ನಿಗಾ ಮಡಗಿದ್ರೆ ನಿಮ್ಮ ಇಸ್ಕೂಲ್ ಹುಡುಗ್ರು ಯಾಕೆ ಫೇಲಾಗ್ತಾವೆ?” ಎಂದಳು.

ಬಾಮೈದನ ಭಯ ಸುಳ್ಳಲ್ಲ. ಮೊನ್ನೆ ಅವ್ವ ಇಲಿಯೆಂದು ಕೋಲಿನಿಂದ ಕುಟ್ಟಿದ್ದು ನನ್ನ ಕಾಲನ್ನು. ಆದರೂ ನಾನು ಒಪ್ಪುವವನಲ್ಲ. ಹೊಗೆ ತುಸು ಬಿಸಿಯಾದರೆ ಅವಳ ಮೂಗು ಅರಳುತ್ತದೆ. ಅಟ್ಟದಲ್ಲಿ ಒಂದು ಕಾಯಿ ಉರುಳಿದರೂ ಮಾತು ನಿಲ್ಲಿಸಿ ತಲೆಯೆತ್ತುತ್ತಾಳೆ. ಪಾರಸಿಯವರ ನಾಡಿನಲ್ಲಿ ನಿಗಾ ಬರೀ ಕಣ್ಣಿನ ಕೆಲಸವಾಗಿತ್ತೇನೋ. ನಮ್ಮ ಅಟ್ಟದ ಕೆಳಗೆ ಇಷ್ಟು ಕಾಲ ದುಡಿದ ಮೇಲೆ ಅದಕ್ಕೆ ಮೂಗು, ಕಿವಿ ಎಲ್ಲ ಬಂದಿವೆ. ಪದ ಎಲ್ಲಿ ಹುಟ್ಟಿತೆಂದು ಮೇಷ್ಟ್ರು ಹೇಳಲಿ. ಎಲ್ಲಿ ದುಡಿದು ದೊಡ್ಡದಾಯಿತೆಂದು ನಾನು ಹೇಳುತ್ತೇನೆ.

“ಬುಡ್ಸಲ್ಲ ಕಣಪ್ಪ. ಅಟ್ಟ ನಂದು. ಸುಟ್ರೆ ನಂದೇ ಸುಡ್ಲಿ” ಎಂದೆ. ಬಾಮೈದ ಮುಖ ಗಂಟಿಕ್ಕಿಕೊಂಡು ಬಸ್ಸಿಗೆ ಹೋದ.

ನಾನು ಗೆದ್ದವನ ಠೀವಿಯಲ್ಲಿ ಅವ್ವನ ಬಳಿ ಬಂದು, ಸದ್ದಾಗದಂತೆ ಒಂದು ಕೊಡ ನೀರು ತಂದು ನನ್ನ ಪಕ್ಕದಲ್ಲಿಟ್ಟುಕೊಂಡೆ.

“ಅದನ್ನ ಈಕಡೆ ನನ್ನ ಕೈಗೆಟುಕೋ ಹಂಗೆ ಮಡಗು ಕಣ್ಲಾ” ಎಂದಳು ಅವ್ವ. “ಹತ್ಕೊಂಡ್ರೆ ಹುಯ್ಯೋಳು ನಾನು.”