ಬೇಡಿಕೆ, ವೇಡಿಕ್ಕೆ ಮತ್ತು ನಾನು

ಮೊಬೈಲನ್ನು ಎದುರಿಗೆ ನಿಲ್ಲಿಸಿ ಪಾಠ ಮಾಡು ಎಂದರೆ ನನ್ನ ನಾಲಿಗೆ ಒಣಗುತ್ತದೆ. ತರಗತಿಯಲ್ಲಿ ಬೆಲ್ ಹೊಡೆದ ಮೇಲೂ ಮಾತು ನಿಲ್ಲಿಸದವಳು ನಾನು. ಆ ಪುಟ್ಟ ಗಾಜಿನ ಕಣ್ಣಿನ ಮುಂದೆ ಮಾತ್ರ ಹೆಣ್ಣು ನೋಡಲು ಬಂದವರೆದುರು ಕೂತವಳ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಲೇ ಇರುತ್ತೇನೆ.

ಕೆಜಿಎಫ್‌ನ ಒಂದು ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬರುವ ಈ ಅತಿಥಿಯನ್ನು ಪ್ರತಿ ವರ್ಷವೂ ಹೊಸದಾಗಿ ಕರೆಯಬೇಕು. ಕರೆಯದಿದ್ದರೆ ಮನೆಯಲ್ಲೇ ಇರಬೇಕು. ಈ ವರ್ಷ ಮೇಲಿನಿಂದ ಸುತ್ತೋಲೆ ಬಂತು: ಇನ್ನು ಮಿಶ್ರ ಕಲಿಕೆ, ಅರ್ಧ ಪಾಠ ತರಗತಿಯಲ್ಲಿ, ಇನ್ನರ್ಧ ವೀಡಿಯೋದಲ್ಲಿ. ಸಂಸ್ಥೆಯ ಸಕಲ ಬೆಂಬಲವಿದೆ ಎಂದೂ ಅದರಲ್ಲಿತ್ತು. ಆ ಸಕಲ ಬೆಂಬಲ ಎಂದರೆ ಮೊಬೈಲ್ ನಿಲ್ಲಿಸುವ ಒಂದು ಸ್ಟ್ಯಾಂಡು, ಮತ್ತು ಒಂದು ಹಳೆಯ ಕೊಠಡಿ. ಫ್ಯಾನ್ ಹಾಕಿದರೆ ಪಾಠವನ್ನು ಅದೇ ಮಾಡುತ್ತದೆ, ಆರಿಸಿದರೆ ಬೆವರಿಳಿಯುತ್ತದೆ.

ಸ್ಟಾಫ್ ರೂಮಿನಲ್ಲಿ ಅಭಿಪ್ರಾಯಗಳಿಗೇನೂ ಬರವಿಲ್ಲ. ಇತಿಹಾಸದ ಹಿರಿಯ ಮೇಷ್ಟ್ರು ಖಾಯಂ ನೌಕರರು. "ಒಳ್ಳೇದೇ ಕಣಮ್ಮ. ಒಂದ್ಸಲ ಯೇಳ್ಬುಟ್ರೆ ಆಯ್ತು, ವರ್ಸಾ ವರ್ಸಾ ಗಂಟ್ಲು ಅರ್ಕೊಳ್ಳೋದು ತಪ್ತದೆ" ಎಂದು ನಿಶ್ಚಿಂತೆಯಿಂದ ಟೀ ಹೀರಿದರು. ಅವರ ನಿಶ್ಚಿಂತೆಯೇ ನನ್ನ ಚಿಂತೆ. ನೀವೇ ಹೇಳಿ, ಒಂದು ಸಲ ಹೇಳಿದ್ದೇ ಸಾಕಾದರೆ ಮುಂದಿನ ವರ್ಷ ಅತಿಥಿಯನ್ನು ಯಾರು ಕರೆಯುತ್ತಾರೆ?

ಆದರೂ ಬೇಡಿಕೆಯ ಪಾಠವನ್ನು ರೆಕಾರ್ಡ್ ಮಾಡಿ ಹುಡುಗರಿಗೆ ಕಳಿಸಿದೆ. ಮುಂದಿನ ತರಗತಿಯಲ್ಲಿ ಮಾರಿಕುಪ್ಪಂನ ಸೆಲ್ವಿಯನ್ನು ಎಬ್ಬಿಸಿ, ಬೇಡಿಕೆ ಎಂದರೇನು ಎಂದು ಕೇಳಿದೆ.

"ಜನ ಸೇರ್ಕೊಂಡು ನೋಡೋದು ಮಿಸ್. ಸರ್ಕಸ್ಸು, ಜಗಳ, ಅಂಗೆ."

ಇದೆಲ್ಲಿಂದ ಬಂತು ಎಂದುಕೊಂಡೆ. ಆಮೇಲೆ ಹೊಳೆಯಿತು: ಅವಳ ಮನೆಯ ತಮಿಳಿನಲ್ಲಿ ವೇಡಿಕ್ಕೆ ಎಂದರೆ ತಮಾಷೆ. ಕಾಮಸಮುದ್ರದ ಕಡೆಯ ತೆಲುಗು ಹುಡುಗರಿಗೂ ವೇಡುಕ ಎಂದರೆ ಸಂಭ್ರಮ. ಅವರೂ ಹೌದೆಂದು ತಲೆಯಾಡಿಸುತ್ತಿದ್ದರು. ಹಾಗಾದರೆ ಬೆಲೆ ಏರಿದಾಗ ಬೇಡಿಕೆ ಇಳಿಯುವುದು ಯಾಕೆ ಎಂದು ಸೆಲ್ವಿಯನ್ನೇ ಕೇಳಿದೆ.

"ಟಿಕೆಟ್ ರೇಟ್ ಜಾಸ್ತಿ ಆದ್ರೆ ಯಾರ್ ಬತ್ತಾರೆ ಮಿಸ್?"

ಅರ್ಥ ತಪ್ಪಾಗಿದ್ದರೂ ನಿಯಮ ಸರಿಯಾಗಿಯೇ ಇತ್ತು! ಅರ್ಥಶಾಸ್ತ್ರ ಇಷ್ಟು ಗಟ್ಟಿ ಎಂದು ನನಗೇ ಗೊತ್ತಿರಲಿಲ್ಲ. ಆದರೆ ಆ ಪಾಠವನ್ನು ಎದುರಿಗೆ ನಿಂತು ಮಾಡಿದ್ದರೆ ಈ ಪಜೀತಿ ಆಗುತ್ತಿರಲಿಲ್ಲ. ಹುಡುಗರಲ್ಲಿ ಒಬ್ಬರ ಹುಬ್ಬು ಗಂಟಿಕ್ಕಿದರೆ ಸಾಕು, "ಬೇಕು, ವೇಣುಂ, ಕಾವಾಲಿ" ಎಂದು ಮೂರೂ ಭಾಷೆಯಲ್ಲಿ ಕೈಚಾಚಿ ನಿಂತುಬಿಡುತ್ತೇನೆ. ನಮ್ಮಲ್ಲಿ ಕಲಿಕೆ ಎಂದೂ ಮಿಶ್ರವೇ. ಸುತ್ತೋಲೆ ತಡವಾಗಿ ಬಂತು, ಅಷ್ಟೆ. ಮೊಬೈಲಿಗೆ ಹುಬ್ಬಿಲ್ಲದಿರುವುದು ದೊಡ್ಡ ಕೊರತೆ.

ಹಾಗಾಗಿ ಮತ್ತೆ ರೆಕಾರ್ಡ್ ಮಾಡುವಾಗ ಸೆಲ್ವಿಯನ್ನೇ ಮೊಬೈಲಿನ ಹಿಂದೆ ಕೂರಿಸಿಕೊಂಡೆ. ಅವಳ ಮುಖ ನೋಡುತ್ತಾ ಮಾತು ತಾನಾಗಿ ಬಂತು. ಅವಳು ತಲೆಯಾಡಿಸಿದ ಮೇಲೆಯೇ ಮುಂದಕ್ಕೆ ಹೋದೆ. ಮುಗಿದಾಗ, "ಈಗ ಯಾರ್ಗೂ ಡೌಟೇ ಬರಲ್ಲ ಮಿಸ್" ಎಂದಳು. ನನಗಾದ ಖುಷಿಯಲ್ಲಿ ಫ್ಯಾನ್ ಹಾಕಿಕೊಳ್ಳುವುದೂ ಮರೆತುಹೋಯಿತು.

ಪ್ರಿನ್ಸಿಪಾಲರು ವೀಡಿಯೋವನ್ನು ಕೊನೆಯವರೆಗೂ ನೋಡಿದರು. "ಬಾಳ ಚೆನ್ನಾಗೈತೆ ಮೇಡಂ. ಇನ್ನ ಎಷ್ಟು ವರ್ಸಕ್ಕಾದ್ರೂ ಇದೇ ಸಾಕು" ಎಂದರು.

ನಾನು ಥ್ಯಾಂಕ್ಸ್ ಹೇಳಿ, ನಗುತ್ತಲೇ ಹೊರಗೆ ಬಂದೆ. ಯಾರಾದರೂ ಹೊಗಳಿದ್ದಕ್ಕೆ ನಾನು ಬೇರೆ ಕೆಲಸ ಹುಡುಕುವ ಯೋಚನೆ ಮಾಡಿದ್ದು ಇದೇ ಮೊದಲು.