ಜೋಳದ ದಂಟಿನ ಅಳತೆ

ನಮ್ಮ ಜೀಪು ಎತ್ತರವಾಗಿದ್ದು ಒಂದು ಜೋಳದ ದಂಟನ್ನು ನೋಡಿ. ಹೀಗಂದರೆ ಬೀದರಿನಲ್ಲಿರುವ ನನ್ನ ಅಣ್ಣಂದಿರು ನಗುತ್ತಾರೆ. ನಗಲಿ, ಅವರಿಗೇನು! ಹಳ್ಳ ದಾಟಿ ಆಸ್ಪತ್ರೆಗೆ ಹೋಗಬೇಕಾದ ಜೀವ ಅವರ ಮನೆಯಲ್ಲಿಲ್ಲ, ನಮ್ಮ ಮನೆಯಲ್ಲಿದೆ.

ನಮ್ಮ ಅತ್ತೆಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆರಡು ಸಲ ಬೀದರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ತಪ್ಪಿದರೆ ಮೈಯಲ್ಲಿ ನೀರು ತುಂಬಿಕೊಂಡು ಉಸಿರು ಕಟ್ಟುತ್ತದೆ. ನಮ್ಮ ಮನೆ ಇರುವುದು ಠಾಣಾ ಕುಶನೂರಿನಿಂದ ಆಚೆ, ಹೊಲದಲ್ಲಿ. ಡಾಂಬರು ರಸ್ತೆ ಸೇರುವ ಮೊದಲು ಒಂದು ಹಳ್ಳ, ಅದರ ನಡುವೆ ಒಂದು ಬಂಡೆ. ಮಳೆಗೆ ಬಂಡೆಯ ಎರಡೂ ಬದಿಯ ಮಣ್ಣು ಕೊಚ್ಚಿಹೋದರೆ ಗಾಲಿ ಕೆಳಗಿಳಿದು ಜೀಪಿನ ಹೊಟ್ಟೆ ಬಂಡೆಯ ಮೇಲೆ ಕೂತುಬಿಡುತ್ತಿತ್ತು. ಒಂದು ಸಲ ಹಾಗೇ ಸಿಕ್ಕಿಕೊಂಡು ಆ ದಿನದ ಡಯಾಲಿಸಿಸ್ ತಪ್ಪಿತು. ಮರುದಿನ ಅತ್ತೆ ಗೋಡೆಗೆ ಒರಗಿ ಉಸಿರಿಗಾಗಿ ಒದ್ದಾಡಿದರು.

ನೀರು ಇಳಿದ ಮೇಲೆ ನಮ್ಮ ಮನೆಯವರು ಹಳ್ಳಕ್ಕೆ ಹೋದರು. ಗಾಲಿ ಇಳಿಯುವ ಜಾಗದಲ್ಲಿ ಒಂದು ಒಣ ದಂಟು ನಿಲ್ಲಿಸಿ, ಬಂಡೆಯ ನೆತ್ತಿಗೆ ಸರಿಯಾಗಿ ಕುಡುಗೋಲಿನಿಂದ ಕತ್ತರಿಸಿಕೊಂಡು ಬಂದರು. ಅದನ್ನೇ ಹಿಡಿದುಕೊಂಡು ಇಬ್ಬರೂ ಭಾಲ್ಕಿಗೆ, ಜೀಪು ರಿಪೇರಿ ಮಾಡುವ ಉಸ್ತಾದರ ಹತ್ತಿರ ಹೋದೆವು.

“ಉಸ್ತಾದ್, ಇಷ್ಟೆತ್ತರದ ಕಲ್ಲು ದಾಟಬೇಕು ನೋಡ್ರಿ” ಎಂದು ನಮ್ಮ ಮನೆಯವರು ದಂಟು ತೋರಿಸಿದರು.

“ನಿಮ್ಮೂರಾಗ ಟೇಪ್ ಸಿಗಂಗಿಲ್ಲೇನ್ರಿ?” ಎಂದು ಉಸ್ತಾದರು ಹೊಟ್ಟೆ ಹಿಡಿದು ನಕ್ಕರು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳಿಗೆ ನಮ್ಮ ಕಡೆ ಪಾಟಾ ಅನ್ನುತ್ತಾರೆ. ನಾಲ್ಕೂ ಕಡೆ ಒಂದೊಂದು ಹೊಸ ಪಾಟಾ ಸೇರಿಸಿದರು, ಕುಲುಕಾಟ ತಡೆಯುವ ಉದ್ದನೆಯ ಶಾಕ್ ಹಾಕಿದರು. ನಮ್ಮ ಮನೆಯವರಿಗೆ ಆಸೆ ಹೆಚ್ಚಾಯಿತು. “ಇನ್ನೊಂದು ಗೇಣು ಎತ್ತರಿ” ಅಂದರು.

“ತಿರುವಿನಾಗ ಮಗ್ಗಲಾಗಿ ಮಲಗ್ತದ. ಜೋಗುಳ ಹಾಡ್ತೀರೇನು?”

ಅಳತೆ ನೋಡುವ ಮೊದಲು “ಖಾಲಿ ಗಾಡಿ ಸುಳ್ಳು ಹೇಳ್ತದ್ರಿ” ಎಂದು ಎದುರಿನ ಚಹಾದಂಗಡಿಯಲ್ಲಿ ಕೂತವರನ್ನೆಲ್ಲ ಕರೆದು ಜೀಪಿನಲ್ಲಿ ತುಂಬಿದರು. ಅವರೂ ಕೈಯಲ್ಲಿ ಕಪ್ಪು ಹಿಡಿದುಕೊಂಡೇ ಹಾರಿ ಹಾರಿ ಹತ್ತಿದರು. ಭಾರಕ್ಕೆ ಜೀಪು ತಗ್ಗಿತು. ಆದರೂ ದಂಟು ಕೆಳಗಿನಿಂದ ಸಲೀಸಾಗಿ ಹಾದುಹೋಯಿತು. ಅಬ್ಬಾ, ಅವತ್ತಿನ ನಮ್ಮ ಸಂಭ್ರಮ! ಬರುವಾಗ ಹಳ್ಳವನ್ನು ಬೇಕಂತಲೇ ಎರಡು ಸಲ ದಾಟಿದೆವು.

ಆಸ್ಪತ್ರೆಯ ದಿನ ಬೆಳಗ್ಗೆ ಅತ್ತೆ ಜೀಪಿನ ಬಾಗಿಲ ಹತ್ತಿರ ಬಂದು ನಿಂತರು. ಕಾಲು ಎತ್ತಿದರು. ಮುಟ್ಟಲಿಲ್ಲ. ಬಾಗಿಲು ಹಿಡಿದು ಮತ್ತೊಮ್ಮೆ ಎತ್ತಿದರು. ಊಹೂಂ. ಕಲ್ಲನ್ನು ಅಳೆದ ನಾವು, ಚಹಾದಂಗಡಿಯವರನ್ನೆಲ್ಲ ತೂಗಿದ ನಾವು, ಅತ್ತೆಯ ಮೊಣಕಾಲನ್ನು ಒಂದು ಮಾತು ಕೇಳಿರಲಿಲ್ಲ.

ಪಕ್ಕದ ಹೊಲದ ಕುರಿ ಕಾಯುವ ಕಾಕಾ ಕಂಬಳಿ ಬದಿಗಿಟ್ಟು ಓಡಿ ಬಂದರು. “ನಾವು ಎತ್ತಿ ಕೂಡಸ್ತೇವ್ ಬಿಡವ್ವಾ” ಎಂದು ಕೈ ಚಾಚಿದರು.

ಅತ್ತೆ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡರು. “ಮಂದಿ ಕೂಡಿ ಎತ್ತೂದು ಸತ್ತ ಮ್ಯಾಲ. ನಾ ಇನ್ನಾ ಜೀವಂತ ಅದೀನಿ. ಯಾರೂ ಮುಟ್ಟಬ್ಯಾಡ್ರಿ.”

ಹೊತ್ತು ಮೀರುತ್ತಿತ್ತು. ಕೊನೆಗೆ ಜೀಪನ್ನು ಹಿಂದಕ್ಕೆ ತಂದು ಮನೆಯ ಕಟ್ಟೆಗೆ ತಾಗಿಸಿದೆವು. ಅತ್ತೆ ಕಟ್ಟೆಯ ಮೇಲೆ ಕೂತು, ತೆವಳಿಕೊಂಡು ಒಳಗೆ ಸರಿದರು. ಜೊತೆಗೆ ಮಾರಾಟಕ್ಕೆ ಒಯ್ಯುವ ತೊಗರಿ ಚೀಲಗಳೂ ಇದ್ದವು. ಆಸ್ಪತ್ರೆಯ ಮುಂದೆ ಕಟ್ಟೆ ಎಲ್ಲಿಂದ ಬರಬೇಕು? ಬರುವಾಗ ನಾವಿಬ್ಬರೂ ಎತ್ತಿಯೇ ಕೂರಿಸಿದೆವು. ದಾರಿಯಲ್ಲಿ ಸಂತಪುರ ಬಂತು. ಅತ್ತೆ ಕಿಟಕಿಯ ಕಡೆ ನೋಡುತ್ತಾ, “ಸಾಕವ್ವಾ. ಚೀಲದಂಗ ಹೋಗೂದು ಬರೂದು ನನಗ ಬ್ಯಾಡ. ಇನ್ನ ಮುಂದ ನಾ ಬರಂಗಿಲ್ಲ” ಅಂದರು.

ಅವರು ಒಮ್ಮೆ ಇಲ್ಲ ಅಂದರೆ ಇಲ್ಲ. ಬರದಿದ್ದರೆ ಏನಾಗುತ್ತದೆ ಎಂದು ಜೀಪಿನಲ್ಲಿದ್ದ ಮೂವರಿಗೂ ಗೊತ್ತಿತ್ತು. ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಮನೆಗೆ ಬಂದವಳೇ ಬಣವೆಯಿಂದ ಇನ್ನೊಂದು ದಂಟು ಎಳೆದೆ.

“ಕಾಲ ಎತ್ತರಿ ಅತ್ತಿ. ಎಷ್ಟ ಏಳ್ತದೋ ಅಷ್ಟು.”

“ಹುಚ್ಚಿ, ಏನ್ ಮಾಡ್ಲಾಕತ್ತಿ?”

“ನಿಮ್ಮ ಮಗ ಕಲ್ಲಿಂದು ಅಳತಿ ತಗೊಂಡ್ರು. ನಾ ನಿಮ್ಮದು ತಗೋತೇನಿ.”

ಅತ್ತೆ ನನ್ನನ್ನೇ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಗೋಡೆ ಹಿಡಿದು, ಹಲ್ಲು ಕಚ್ಚಿ, ಕಾಲು ಎತ್ತಿದರು. ಪಾದ ನಿಂತ ಕಡೆ ದಂಟು ಕತ್ತರಿಸಿದೆ.

ಭಾಲ್ಕಿಯಲ್ಲಿ ಉಸ್ತಾದರು ಈ ಸಲ ನಗಲಿಲ್ಲ. ದಂಟನ್ನು ತಮ್ಮ ಕಾಲಿನ ಪಕ್ಕ ನಿಲ್ಲಿಸಿ ನೋಡಿದರು. “ಅಮ್ಮೀದು ಇಷ್ಟೇ ಏಳ್ತದೇನ್ರಿ ಅಕ್ಕಾ?” ಎಂದು ಕೇಳಿ, ಕೈಯಲ್ಲಿದ್ದ ಬೇರೆ ಕೆಲಸ ಬದಿಗಿಟ್ಟರು. ಬಾಗಿಲ ಕೆಳಗೆ ಒಂದು ಕಬ್ಬಿಣದ ಮೆಟ್ಟಿಲು ಕೂರಿಸಿದರು. ಹತ್ತುವಾಗ ಬಿಚ್ಚುವುದು, ಹಳ್ಳ ಬಂದಾಗ ಮಡಚಿ ಕೊಂಡಿ ಹಾಕುವುದು. ಮೆಟ್ಟಿಲನ್ನು ಹಿಡಿದ ಪಟ್ಟಿಯಲ್ಲಿ ಒಂದರ ಕೆಳಗೊಂದು ಮೂರು ತೂತುಗಳಿದ್ದವು.

“ಬೋಲ್ಟ್ ಹಾಕಲಿಕ್ಕ ಒಂದ ಸಾಕಲ್ರಿ, ಮೂರ್ಯಾಕ?” ಎಂದೆ.

“ಮ್ಯಾಲಿಂದು ಈಗ. ಉಳಿದದ್ದು ಇರ್ಲಿ ಬಿಡ್ರಿ ಅಕ್ಕಾ” ಎಂದು ಉಸ್ತಾದರು ಮುಖ ಆ ಕಡೆ ತಿರುಗಿಸಿ ಸಾಮಾನು ಎತ್ತಿಡತೊಡಗಿದರು. ಬರುವ ದಾರಿಯಲ್ಲಿ ಅರ್ಥವಾಯಿತು: ಅತ್ತೆಯ ಕಾಲು ಏಳುವುದು ಕಡಿಮೆಯಾದಂತೆ ಮೆಟ್ಟಿಲನ್ನು ಕೆಳಗಿಳಿಸಲಿಕ್ಕೆ. ಅವರ ಕೈ ತಣ್ಣಗಿರಲಿ.

ಮುಂದಿನ ಸಲ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲ ಮೇಲೆ ಕಾಲಿಟ್ಟು, ತಾವೇ ಹತ್ತಿ ಕೂತರು. ಕಾಕಾ ದೂರದಿಂದಲೇ ಕೋಲು ಎತ್ತಿ ತೋರಿಸಿದರು. ಅಂದಿನಿಂದ ಮಳೆ ಬಿದ್ದಾಗಲೆಲ್ಲ ಹಳ್ಳದ ಗಾಲಿ ಜಾಡಿಗೆ ಕಲ್ಲು ತುಂಬಿಡುವವರು ಅವರೇ. ನಾವು ಹೇಳಿದ್ದಲ್ಲ. ಇಂಥವರ ಋಣ ಹೇಗೆ ತೀರಿಸುವುದೋ ನನಗಂತೂ ತಿಳಿಯದು.

ಒಂದು ಮಳೆಗಾಲ ಕಳೆದು ಬೋಲ್ಟು ಎರಡನೆಯ ತೂತಿಗೆ ಇಳಿಯಿತು. ಈ ವರ್ಷ ಮೂರನೆಯದಕ್ಕೆ. ಮೊನ್ನೆ ಹತ್ತುವಾಗ ಅತ್ತೆಯ ಕಾಲು ಮೆಟ್ಟಿಲಿಗೆ ತಡವರಿಸಿತು. ಬಗ್ಗಿ ಪಟ್ಟಿ ನೋಡಿದೆ. ಕೆಳಗೆ ಬರೀ ಕಬ್ಬಿಣ.

“ಏನ್ ನೋಡ್ತಿ?”

“ಕೆಳಗ ತೂತು ಇಲ್ಲರಿ ಅತ್ತಿ.”

“ಇಲ್ಲಂದ್ರ ಹಾಕಸು” ಎಂದು ಅತ್ತೆ ನನ್ನ ಭುಜದ ಮೇಲೆ ಕೈಯೂರಿ ಹತ್ತಿ ಕೂತರು. “ಉಸ್ತಾದಗ ಹೇಳು, ಈ ಸಲ ನಾಕು ಹಾಕಂತ. ನಡಿ, ಹೊತ್ತಾತು.”