ಎಲ್ಲಾ ನಿಮ್ಮ ಕಡೆಗೇ ಹೋಗ್ಲಿ ಎಂದ ಬೀಗಿತ್ತಿ

ನಮ್ಮಲ್ಲಿ ಕೂಸು ಹುಟ್ಟಿತೆಂದರೆ ಮೊದಲು ಶುರುವಾಗುವುದು ಅದು ಯಾರ ಹಾಗಿದೆ ಎಂಬ ಜಗಳ. ನಾಲ್ಕು ವರ್ಷದ ಹಿಂದೆ ನನ್ನ ಮಗಳಿಗೆ ಚೊಚ್ಚಲ ಗಂಡು ಮಗು ಆದಾಗ, ಮಲ್ಲೇಶ್ವರದಿಂದ ಬಂದ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಮಗುವನ್ನು ಎತ್ತಿಕೊಂಡವರೇ "ಮುಡಿಯಿಂದ ಅಡಿವರೆಗೂ ನಮ್ಮನೇದೇ ಕಣ್ರೀ, ನಿಮ್ಮದೇನೂ ಇಲ್ಲ" ಎಂದುಬಿಟ್ಟರು. ಹೆತ್ತವಳ ತಾಯಿ ನಾನು, ನನಗೆ ಮೈಯೆಲ್ಲ ಉರಿಯಿತು.

ಅದೇ ಸಂಜೆ ಮಗುವಿನ ಕಾಲ ಮೇಲೆ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆಗಳು ಎದ್ದವು. ಬೀಗಿತ್ತಿ ದೃಷ್ಟಿ ಎಂದರು, ನಾನು ಉಷ್ಣ ಎಂದೆ. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೂ ತಿಳಿಯುವ ಹಾಗೆ ಹೇಳಿದರು: "ರಕ್ತ ಸೋರದ ಹಾಗೆ ತಡೆಯೋದು ಪ್ಲೇಟ್‌ಲೆಟ್. ನಿಮ್ಮ ಅಳಿಯನ ಪ್ಲೇಟ್‌ಲೆಟ್ ಮೇಲೆ ಒಂದು ಗುರುತಿದೆ, ಮಗಳಲ್ಲಿ ಅದಿಲ್ಲ. ಮಗು ಅಪ್ಪನ ಗುರುತು ಹೊತ್ಕೊಂಡು ಬಂದಿದೆ. ಹೊಟ್ಟೇಲಿದ್ದಾಗ್ಲೇ ತಾಯಿ ಮೈ ಅದನ್ನ ಹೊರಗಿನದು ಅಂದ್ಕೊಂಡು ಹೊಡೆಯೋಕೆ ಶುರುಮಾಡಿದೆ."

ಬೀಗಿತ್ತಿಯ ಮುಖ ಸಣ್ಣದಾಯಿತು. "ಹಾಗಾದ್ರೆ ನಮ್ಮ ಕಡೆಯಿಂದಾನೇ ಬಂತಾ?"

"ಇದರಲ್ಲಿ ಯಾರ ತಪ್ಪೂ ಇಲ್ಲಮ್ಮ."

ಹೊಂದುವ ಪ್ಲೇಟ್‌ಲೆಟ್ ಹುಡುಕಿ ತರಿಸಿ ಏರಿಸಿದರು. ಹುಡುಗ ಉಳಿದ. ಈಗ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅವನ ಕೈಗೆ ಸಿಕ್ಕಿದ್ದು ಯಾವುದೂ ಉಳಿಯುತ್ತಿಲ್ಲ.

ಹೋದ ವರ್ಷ ಮಗಳು ಮತ್ತೆ ಬಸುರಿಯಾದಳು. ಎರಡನೆಯದಕ್ಕೆ ಈ ತೊಂದರೆ ಇನ್ನೂ ಜೋರಾಗಿ ಬರಬಹುದು, ಹೊಟ್ಟೆಯಲ್ಲಿರುವಾಗಲೇ ಮಗುವಿನ ತಲೆಯೊಳಗೆ ರಕ್ತ ಸೋರಬಹುದು ಎಂದರು. ಅಳಿಯನಿಗೆ ಆ ಗುರುತು ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಬಂದಿದೆಯಂತೆ, ಹಾಗಾಗಿ ಈ ಮಗುವಿಗೆ ಬರಲೂಬಹುದು, ಬಾರದೆಯೂ ಇರಬಹುದು. ಹೊಟ್ಟೆಗೆ ಸೂಜಿ ಹಾಕಿ ನೋಡಿಸಲು ಮಗಳು ಒಪ್ಪಲಿಲ್ಲ. ಅವಳ ಮೈ ಮಗುವಿನ ಪ್ಲೇಟ್‌ಲೆಟ್ ಹೊಡೆಯದಿರಲೆಂದು ವಾರವಾರವೂ ಅವಳಿಗೆ ಔಷಧಿಯ ಡ್ರಿಪ್ ಹಾಕಿದರು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಬೀಗಿತ್ತಿ ನನ್ನ ಕೈ ಹಿಡಿದುಕೊಂಡರು. "ಈ ಸಲ ಎಲ್ಲಾ ನಿಮ್ಮ ಕಡೆಗೇ ಹೋಗ್ಲಿ ಬೀಗ್ರೇ. ನಮ್ಮದೊಂದು ಕೂದಲೂ ಬೇಡ."

"ನಮ್ಮ ಮೊಂಡುತನ ಬಂದ್ರೆ?"

"ಬರ್ಲಿ ಬಿಡಿ. ಸೊಸೇನ ಸಹಿಸ್ಕೊಂಡಿಲ್ವಾ?"

ಮೊನ್ನೆ ಸೋಮವಾರ ಹೆಣ್ಣು ಮಗು ಹುಟ್ಟಿತು. ಬೆಣ್ಣೆಯಂಥ ಮೈ, ಒಂದು ಚುಕ್ಕೆ ಇಲ್ಲ. ಪ್ಲೇಟ್‌ಲೆಟ್ ಬೇಕಾದಷ್ಟಿದೆ ಎಂದರು. ಆದರೆ ಅದು ಡ್ರಿಪ್ಪಿನಿಂದಲೂ ಇರಬಹುದು, ಗುರುತಿನ ರಿಪೋರ್ಟ್ ಬರಲಿ ಎಂದು ಕಾಯಿಸಿದರು. ನಿನ್ನೆ ಅದೂ ಬಂತು.

"ಅಪ್ಪನ ಗುರುತು ಬಂದೇ ಇಲ್ಲ," ಎಂದರು ಡಾಕ್ಟರಮ್ಮ. "ಇದರಲ್ಲಿ ಅಮ್ಮನ ಹಾಗೇ. ಇನ್ನು ಆ ಭಯ ಇಲ್ಲ."

ಬೀಗಿತ್ತಿ ಅಲ್ಲೇ ನನ್ನನ್ನು ತಬ್ಬಿಕೊಂಡರು. ಆಮೇಲೆ ಸಿಕ್ಕ ಸಿಕ್ಕ ನರ್ಸಿಗೆಲ್ಲ ಪೇಡೆ ಕೊಡುತ್ತಾ "ನಮ್ಮದೇನೂ ಬಂದಿಲ್ಲ ಕಣಮ್ಮ, ಏನೂ ಬಂದಿಲ್ಲ" ಎಂದು ಹೇಳಿಕೊಂಡು ಓಡಾಡಿದರು. ಪೇಡೆ ತಿಂದವರಿಗೆ ತಲೆಬುಡ ತಿಳಿಯಲಿಲ್ಲ. ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಇವತ್ತು ಮನೆಗೆ ಕರೆತಂದೆವು. ಆರತಿ ಎತ್ತಿ ಒಳಗೆ ಕರೆದುಕೊಂಡು, ಮೆತ್ತಗಿನ ಹಳೇ ಸೀರೆ ಹಾಸಿ ಮಲಗಿಸಿದೆ. ಬೀಗಿತ್ತಿ ಬಗ್ಗಿ ಬಹಳ ಹೊತ್ತು ನೋಡಿದರು.

"ಒಂದ್ಮಾತು ಹೇಳ್ಲಾ? ಬೈಬಾರ್ದು."

"ಹೇಳಿ."

"ಮೂಗು ನಮ್ಮದೇ ಕಣ್ರೀ."

ನಾಲ್ಕು ವರ್ಷದ ಹಿಂದಾಗಿದ್ದರೆ ನಾನು ಬಿಡುತ್ತಿರಲಿಲ್ಲ. "ಇಟ್ಕೊಳ್ಳಿ," ಎಂದೆ, "ಬೇಕಾದ್ರೆ ಕಿವೀನೂ ಇಟ್ಕೊಳ್ಳಿ."